ಅಲುಗದ ವಸ್ತುವಿಗೆ ಕಟ್ಟಿದ ಸೈಕಲ್

ಜುಲೈ 14, ಸೋಮವಾರ

ಹಾಸ್ಟೆಲ್‌ನಲ್ಲಿ ವಾರ್ಡನ್ ನಮ್ಮ ಡೈರಿಗಳನ್ನು ಕದ್ದು ಓದುತ್ತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಐದನೇ ಕ್ಲಾಸಿನಿಂದಲೂ ನನ್ನ ಪಾಠ, ಜಗಳ, ಪ್ರಾರ್ಥನೆ ಎಲ್ಲ ಇಂಗ್ಲಿಷಿನಲ್ಲಿ. ಹೀಗಾಗಿ ಹೆದರಿಕೆ ಮಾತ್ರ ಡೈರಿಯಲ್ಲಿ, ಕನ್ನಡದಲ್ಲಿ. ಈಗ ಹಾಸ್ಟೆಲ್ ಮುಗಿದಿದೆ. ವಿರಾಜಪೇಟೆಯಲ್ಲಿ ತ್ರಿಪುರಸುಂದರಿ ಅತ್ತೆಯ ಮನೆಯಲ್ಲಿದ್ದುಕೊಂಡು ಡಿಗ್ರಿ ಮೊದಲ ವರ್ಷ ಓದುತ್ತಿದ್ದೇನೆ. ಹೆದರಿಕೆ ಮುಗಿದಿಲ್ಲ.

ಇವತ್ತಿನ ಹೆದರಿಕೆಗೆ ನಾಲ್ಕು ಚಕ್ರ. ಹಳೆ ವಿದ್ಯಾರ್ಥಿಯೊಬ್ಬರು ಕಾಲೇಜಿಗೆ ಎರಡು ರೇಸಿಂಗ್ ಸೈಕಲ್ ದಾನ ಮಾಡಿದ್ದಾರೆ. ಒಂದೊಂದರ ಬೆಲೆಗೆ ಒಂದೊಂದು ಸ್ಕೂಟರ್ ಬಂದು ಹೆಲ್ಮೆಟಿಗೂ ಉಳಿಯುತ್ತದಂತೆ. ಒಂದೇ ಕೈಯಲ್ಲಿ ಎತ್ತಬಹುದು ಎಂದು ಪಿ.ಟಿ. ಮೇಷ್ಟ್ರು ತೀರ್ಥಪ್ರಸಾದ್ ಸರ್ ಎತ್ತಿ ತೋರಿಸಿದರು. ಪ್ರಿನ್ಸಿಪಾಲ್ ದಮಯಂತಿ ಮೇಡಂ, "ಇಳಿಸಿ, ಮೊದಲು ಇಳಿಸಿ" ಎಂದು ಕಿರುಚಿದರು. ನನಗೂ ಒಳಗೊಳಗೆ ಅದೇ ಕಿರುಚಾಟ.

ಮೇಡಂ ಅಪ್ಪಣೆ ಏನೆಂದರೆ, ವಿಮೆ ಆಗುವವರೆಗೆ ಸೈಕಲ್‌ಗಳು ಸ್ಪೋರ್ಟ್ಸ್ ರೂಮಿನ ಹೊಸಿಲು ದಾಟಬಾರದು. ವಿಮೆಯ ಕಾಗದಗಳೆಲ್ಲ ಇಂಗ್ಲಿಷಿನಲ್ಲಿವೆ. "ಇಲ್ಲಿ ಇಂಗ್ಲಿಷ್ ಹಾಸ್ಟೆಲಲ್ಲಿ ಓದಿದವರು ಯಾರು?" ಎಂದು ಕೇಳಿದಾಗ ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಹೀಗೆ ಮೂರು ಕಂಪೆನಿಗಳ ಷರತ್ತುಗಳನ್ನು ಓದಿ, ಒಂದನ್ನು ಆರಿಸಿ, "ಇದೇ ಸರಿ" ಎಂದು ಹೇಳಬೇಕಾದ ಕೆಲಸ ನನ್ನ ಪಾಲಿಗೆ ಬಂತು. ಸ್ಪೋರ್ಟ್ಸ್ ರೂಮಿನ ಬೀಗದ ಕೈಯೂ ನನ್ನ ಬಳಿಗೇ ಬಂತು.

ನನಗೆ ಸೈಕಲ್ ಬಿಡಲು ಬರುವುದಿಲ್ಲ. ಅದನ್ನು ಯಾರೂ ಕೇಳಲಿಲ್ಲ.

ಜುಲೈ 17, ಗುರುವಾರ

ಇವತ್ತು ಸ್ಪೋರ್ಟ್ಸ್ ರೂಮಿನ ಬಾಗಿಲಲ್ಲಿ ಒಬ್ಬಳು ಕಾಯುತ್ತಿದ್ದಳು. ಉದ್ದ ಜಡೆ, ಕೆಸರಾದ ಕ್ಯಾನ್ವಾಸ್ ಬೂಟು, ಪಕ್ಕದಲ್ಲಿ ಹಾಲಿನ ಕ್ಯಾನ್ ಸಿಕ್ಕಿಸಿದ ಭಾರದ ಹಳೆ ಸೈಕಲ್. ಕೊನೇ ವರ್ಷದ ಬೆಳ್ಳಮ್ಮಕ್ಕ. ಮಾಕುಟ್ಟ ಘಾಟಿಯ ದಾರಿಯಲ್ಲಿ, ಪೆರುಂಬಾಡಿಯ ಆಚೆ ಮನೆ. ದಿನವೂ ಬೆಳಿಗ್ಗೆ ಪೇಟೆಗೆ ಹಾಲು ಹಾಕಿ ಅದೇ ಸೈಕಲಿನಲ್ಲಿ ಕಾಲೇಜಿಗೆ ಬರುತ್ತಾಳೆ. ಏರಿನಲ್ಲಿ ಇವಳನ್ನು ಹಿಂದೆ ಹಾಕಲಾಗದೆ ಒಬ್ಬ ಮೊಪೆಡ್‌ನವನು ದಾರಿಯನ್ನೇ ಬದಲಾಯಿಸಿದ ಎಂದು ತೀರ್ಥಪ್ರಸಾದ್ ಸರ್ ಹೇಳುತ್ತಾರೆ. ಸರ್ ಹೇಳಿದ್ದರಲ್ಲಿ ಅರ್ಧ ತೆಗೆದರೂ ಸಾಕಷ್ಟು ಉಳಿಯುತ್ತದೆ.

"ನೀನಾ ಆ ಹಾಸ್ಟೆಲ್?" ಎಂದಳು.

"ಹಂಸಿನಿ" ಎಂದೆ.

"ಆಯ್ತು ಮಾರಾಯ್ತಿ, ಹಂಸಿನಿ. ವಿಮೆ ಎಷ್ಟು ದಿವಸದಲ್ಲಿ ಆಗ್ತದೆ?"

ಆಗಸ್ಟ್ ಕೊನೆಗೆ ಮೈಸೂರಿನಲ್ಲಿ ರಾಜ್ಯ ತಂಡದ ಆಯ್ಕೆ ಇದೆ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ಅವಕಾಶ. ಬಾಗಿದ ಹ್ಯಾಂಡಲ್, ಗೇರು, ಶೂ ಸಿಕ್ಕಿಸುವ ಪೆಡಲ್, ಯಾವುದನ್ನೂ ಅವಳು ಇದುವರೆಗೆ ಮುಟ್ಟಿಲ್ಲ. ಹಾಲಿನ ಸೈಕಲಿನಲ್ಲಿ ಅಭ್ಯಾಸ ಮಾಡಿ ರೇಸಿಗೆ ಹೋದರೆ ಮಾನ ಹೋಗುತ್ತದೆ ಎಂದಳು.

"ಬೇಗ ಮಾಡ್ತೀನಿ ಅಕ್ಕಾ" ಎಂದೆ. ಬೇಗ ಎಂದು ಯಾಕೆ ಹೇಳಿದೆನೋ. ಬೇಗ ಮಾಡಿದ ಯಾವ ಕೆಲಸವೂ ನನಗೆ ಆಗಿಬಂದಿಲ್ಲ.

ಅವಳು ಕಿಟಕಿಯಿಂದ ಸೈಕಲ್‌ಗಳನ್ನು ನೋಡಿದಳು. ಒಳಗೆ ಹೋಗಿ ಮುಟ್ಟಲೇ ಎಂದು ಕೇಳಿದಳು. ಮುಟ್ಟಬಹುದೋ ಇಲ್ಲವೋ ಷರತ್ತಿನಲ್ಲಿ ನೋಡಿ ಹೇಳುತ್ತೇನೆ ಎಂದೆ.

ಜುಲೈ 23, ಬುಧವಾರ

ಮಳೆ ರಜೆ. ಇಡೀ ದಿನ ಓದಿದೆ.

ಒಂದನೇ ಕಂಪೆನಿ ಕಳ್ಳತನಕ್ಕೆ ಮಾತ್ರ ಪರಿಹಾರ ಕೊಡುತ್ತದೆ. ಎರಡನೆಯದು ಅಪಘಾತಕ್ಕೂ ಕೊಡುತ್ತದೆ, ಆದರೆ ಸ್ಪರ್ಧೆಗೆ ಇಲ್ಲ, ಸ್ಪರ್ಧೆಯ ಅಭ್ಯಾಸಕ್ಕೂ ಇಲ್ಲ, "ಅಗತ್ಯಕ್ಕಿಂತ ಹೆಚ್ಚಿನ ವೇಗ"ಕ್ಕೂ ಇಲ್ಲ. ಬೆಳ್ಳಮ್ಮಕ್ಕನ ವೇಗ ಯಾರ ಅಗತ್ಯಕ್ಕಿಂತ ಹೆಚ್ಚು ಎಂದು ಅವರು ಬರೆದಿಲ್ಲ. ಮೂರನೆಯದು ಸ್ಪರ್ಧೆಗೂ ಕೊಡುತ್ತದೆ, ಆದರೆ ವಿಮೆ ಸವಾರರ ಹೆಸರಿನಲ್ಲೇ ಇರಬೇಕು. ಇದನ್ನು ದಮಯಂತಿ ಮೇಡಂಗೆ ಫೋನಿನಲ್ಲಿ ಹೇಳಿದೆ. "ಕಾಲೇಜಿನ ಸೈಕಲ್ ಹುಡುಗಿಯ ಹೆಸರಿಗಾ? ನಾಳೆ ನನ್ನ ಕುರ್ಚಿಯನ್ನೂ ಕೇಳ್ತಾಳೆ" ಎಂದರು.

ಅತ್ತೆ ಕಾಫಿ ತಂದು ಇಟ್ಟು ಕಾಗದಗಳ ರಾಶಿ ನೋಡಿದರು. ಅತ್ತೆ ನಿವೃತ್ತ ಟೀಚರ್. "ಹಂಸಿ, ನಿನ್ನಪ್ಪ ಪೂಜೆ ಮಾಡುವ ದೇವಸ್ಥಾನದ ಹುಂಡಿಗೂ ಇಷ್ಟು ಬಂದೋಬಸ್ತ್ ಇಲ್ಲವಲ್ಲೆ" ಎಂದರು.

"ಹುಂಡಿಯನ್ನು ಯಾರೂ ಮಾಕುಟ್ಟ ಘಾಟಿಯಲ್ಲಿ ಓಡಿಸೋದಿಲ್ಲ ಅತ್ತೆ."

ಹೇಳಿದ ಮೇಲೆ ಹೊಳೆಯಿತು. ಮಾಕುಟ್ಟ ಘಾಟಿ ಕಾಡು. ಕಾಡಿನಲ್ಲಿ ಆನೆ. ಮೂರು ಕಂಪೆನಿಗಳಲ್ಲಿ ಒಂದೂ ಆನೆಯ ಮಾತೆತ್ತಿಲ್ಲ.

ಜುಲೈ 25, ಶುಕ್ರವಾರ

ಕಳ್ಳತನದ ಜೊತೆ ಬೇರೆಯದನ್ನೂ ಸೇರಿಸುತ್ತಾರೋ ಎಂದು ಒಂದನೇ ಕಂಪೆನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಕನ್ನಡಕ್ಕಾಗಿ ಎರಡನ್ನು ಒತ್ತಿದಾಗ ಪ್ರಿಯಾ ಎಂಬವರು ಸಿಕ್ಕಿದರು.

"ಆನೆ ತುಳಿದರೆ ಪರಿಹಾರ ಇದೆಯಾ?"

"ಯಾರನ್ನು ಮೇಡಂ?"

"ಸೈಕಲನ್ನು."

ಸ್ವಲ್ಪ ಹೊತ್ತು ಟೈಪ್ ಮಾಡುವ ಸದ್ದು ಕೇಳಿತು. "ಮೇಡಂ, ಆನೆ ನಿಮ್ಮದಾ?"

"ಇಲ್ಲ."

"ಹಾಗಾದ್ರೆ ಮೂರನೇ ವ್ಯಕ್ತಿ ಅಂತ ಬರುತ್ತೆ. ಮಾಲೀಕರ ಹೆಸರು, ವಿಳಾಸ ಹೇಳಿ."

"ಕಾಡಾನೆ ಮೇಡಂ. ಸರ್ಕಾರದ್ದು."

"ಸರ್ಕಾರಿ ವಾಹನ ಅಂತ ಹಾಕ್ಲಾ?"

ಬೇಡವೆಂದೆ. ಮೇಲಿನವರನ್ನು ಕೇಳಿ ತಿಳಿಸುತ್ತೇನೆಂದು ಹೇಳಿದ ಪ್ರಿಯಾ, ಫೋನ್ ಇಡುವ ಮುಂಚೆ ಧ್ವನಿ ತಗ್ಗಿಸಿ, "ನಿಜವಾಗ್ಲೂ ರೋಡಿಗೆ ಬರುತ್ತಾ?" ಎಂದು ಕೇಳಿದರು.

ಜುಲೈ 31, ಗುರುವಾರ

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಕಳ್ಳತನದ ವಿಮೆಯೇ ಸುರಕ್ಷಿತ. ಸೈಕಲ್‌ಗಳು ಕೋಣೆಯಲ್ಲೇ ಇದ್ದರೆ ಅಪಘಾತ ಆಗುವುದಿಲ್ಲ, ವೇಗದ ಪ್ರಶ್ನೆ ಬರುವುದಿಲ್ಲ, ಆನೆ ಅಲ್ಲಿಗೆ ಬರುವುದೂ ಕಷ್ಟ. ಕಳ್ಳತನ ಒಂದೇ ಬಾಕಿ. ಅದಕ್ಕೆ ವಿಮೆ ಇದೆ.

ಮೇಡಂ ಬಹಳ ಮೆಚ್ಚಿದರು.

ಕಾರಿಡಾರಿನಲ್ಲಿ ಬೆಳ್ಳಮ್ಮಕ್ಕನಿಗೂ ವೇಗ, ಆನೆ ಎಲ್ಲ ಸೇರಿಸಿ ಸಂತೋಷದಿಂದ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಹಾಗಾದ್ರೆ ನಾನು ಕೋಣೆ ಒಳಗೆ ರೇಸ್ ಮಾಡ್ಲಿಕ್ಕಾ?"

"ಮೊದಲು ಇದೊಂದು ಆಗಲಿ ಅಕ್ಕಾ. ಆಮೇಲೆ ಹೊರಗೆ ತರೋದಕ್ಕೆ ಬೇರೆ ವಿಮೆ ನೋಡೋಣ."

"ನೀನು ನೋಡ್ತಾ ಇರು. ನೀನು ಹುಡುಕಿ ಮುಗಿಸುವಷ್ಟರಲ್ಲಿ ನಾನು ಡಿಗ್ರಿ ಮುಗಿಸಿ, ಮದ್ವೆ ಆಗಿ, ಮಗುವಿಗೆ ಮೂರು ಚಕ್ರದ ಸೈಕಲ್ ಕೊಡಿಸಿರ್ತೇನೆ. ಅದಕ್ಕೂ ವಿಮೆ ಮಾಡಿಸು, ಆಯ್ತಾ?"

ಸುತ್ತ ನಿಂತವರೆಲ್ಲ ನಕ್ಕರು. ಅವಳು ನಗಲಿಲ್ಲ.

ಆಗಸ್ಟ್ 4, ಸೋಮವಾರ

ಬೆಳ್ಳಮ್ಮಕ್ಕ ನನ್ನ ಜೊತೆ ಮಾತಾಡುತ್ತಿಲ್ಲ. ಬೇಸರ. ಬರೆಯಲು ಏನೂ ಇಲ್ಲ.

ಆಗಸ್ಟ್ 7, ಗುರುವಾರ

ಹೊಸ ತೊಂದರೆ. ಕಳ್ಳತನದ ವಿಮೆ ಸಿಗಬೇಕಾದರೆ ಸೈಕಲನ್ನು "ಅಲುಗದ ವಸ್ತುವಿಗೆ" ಸರಪಳಿಯಿಂದ ಕಟ್ಟಿ ಫೋಟೋ ಕಳಿಸಬೇಕು. ಕೋಣೆಗೆ ಬೀಗ ಇದ್ದರೆ ಸಾಲದು.

ತೀರ್ಥಪ್ರಸಾದ್ ಸರ್ ಮತ್ತು ನಾನು ಇಡೀ ಕಾಲೇಜಿನಲ್ಲಿ ಅಲುಗದ ವಸ್ತು ಹುಡುಕಿದೆವು. ಕಂಬಗಳು ನಮ್ಮ ಸರಪಳಿಗೆ ದಪ್ಪವಾದವು. ಲೈಬ್ರರಿ ಕಿಟಕಿಯ ಸರಳನ್ನು ಸರ್ ಪರೀಕ್ಷೆಗೆಂದು ಎಳೆದರು. ಅದು ಅವರ ಕೈಗೇ ಬಂತು. ಅದನ್ನು ಮೆಲ್ಲಗೆ ವಾಪಸ್ ಸಿಕ್ಕಿಸಿ ಇಬ್ಬರೂ ಅಲ್ಲಿಂದ ಬೇಗ ಹೊರಟೆವು. ಹಲಸಿನ ಮರ ಆಗಬಹುದೇ ಎಂದು ಪ್ರಿಯಾ ಅವರನ್ನು ಕೇಳಿದೆ. ಮರ ಬೆಳೆಯುವುದರಿಂದ ಅದನ್ನು ಅಲುಗದ ವಸ್ತು ಎನ್ನಬಹುದೋ ಇಲ್ಲವೋ ಮೇಲಿನವರು ಹೇಳಬೇಕು ಎಂದರು. ಆನೆಯ ಉತ್ತರವೂ ಮೇಲಿನವರಲ್ಲೇ ಇದೆ.

"ನಮ್ಮ ಕಾಲೇಜಲ್ಲಿ ಅಲುಗದ್ದು ಅಂದ್ರೆ ಪ್ರಿನ್ಸಿಪಾಲ್ ಮೇಡಂ ಒಬ್ಬರೇ" ಎಂದರು ಸರ್. ಆಮೇಲೆ ಸುತ್ತ ನೋಡಿದರು.

ಆಗಸ್ಟ್ 14, ಗುರುವಾರ

ಅಲುಗದ ವಸ್ತು ಸಿಕ್ಕಿತು! ಇಷ್ಟು ದಿನ ಕಣ್ಣೆದುರೇ ಇತ್ತು. ಅಂಗಳದ ನಡುವೆ ಸಿಮೆಂಟಿನ ಕಟ್ಟೆಯಲ್ಲಿ ಹೂತ ಕಬ್ಬಿಣದ ಧ್ವಜಸ್ತಂಭ. ಸರಪಳಿಗೆ ಹೇಳಿ ಮಾಡಿಸಿದ ಹಾಗಿದೆ. ಫೋಟೋ ತೆಗೆದು ಕೂಡಲೇ ಒಳಗಿಡುತ್ತೇನೆಂದು ಮೇಡಂಗೆ ಹೇಳಿ, ಸಂಜೆ ಎರಡೂ ಸೈಕಲ್‌ಗಳನ್ನು ಅದಕ್ಕೆ ಬಿಗಿದು, ಬೀಗ ಹಾಕಿ, ಎಲ್ಲ ಕಡೆಯಿಂದ ಫೋಟೋ ತೆಗೆದು ಕಳಿಸಿದೆ.

ಕೂಡಲೇ ಮೆಸೇಜ್ ಬಂತು. ಪರಿಶೀಲನೆ ಮುಂದಿನ ಕೆಲಸದ ದಿನ ಮುಗಿಯುತ್ತದೆ, ಅಲ್ಲಿಯವರೆಗೆ ವಸ್ತುವಿನ ಸ್ಥಿತಿ ಬದಲಾಗಬಾರದು.

ಮುಂದಿನ ಕೆಲಸದ ದಿನ ಅಂದರೆ ನಾಡಿದ್ದು. ನಾಳೆ ರಜೆ, ಸ್ವಾತಂತ್ರ್ಯ ದಿನಾಚರಣೆ.

ಸ್ವಾತಂತ್ರ್ಯ ದಿನಾಚರಣೆ ಎಂದ ಮೇಲೆ ಧ್ವಜಾರೋಹಣ. ಧ್ವಜಾರೋಹಣ ಎಂದ ಮೇಲೆ ಧ್ವಜಸ್ತಂಭ.

ಇದು ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು. ಸರ್‌ಗೆ ಫೋನ್ ಮಾಡಿದೆ. "ಬಿಚ್ಚು ಮಾರಾಯ್ತಿ, ಬೆಳಿಗ್ಗೆ ಬೇಗ ಬಂದು ಬಿಚ್ಚು" ಎಂದರು. ಬಿಚ್ಚಿದರೆ ಸ್ಥಿತಿ ಬದಲಾಗುತ್ತದೆ, ವಿಮೆ ತಪ್ಪುತ್ತದೆ, ತಪ್ಪಿಸಿದವಳು ನಾನೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಬಿಚ್ಚುವುದಿಲ್ಲ ಎಂದುಬಿಟ್ಟೆ. ಒಬ್ಬ ಸರ್‌ಗೆ ಇಲ್ಲ ಎಂದದ್ದು ಇದೇ ಮೊದಲು. 

ಆಗಸ್ಟ್ 15, ಶುಕ್ರವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ತೀರ್ಥಪ್ರಸಾದ್ ಸರ್ ತಮ್ಮ ಬುದ್ಧಿ ಉಪಯೋಗಿಸಿದ್ದರು. ತೆಗೆಯಲು ಆಗದಿದ್ದರೆ ಅಲಂಕಾರ ಮಾಡುವುದು. ಚಕ್ರಗಳಿಗೆ ಮೂರು ಬಣ್ಣದ ರಿಬ್ಬನ್, ಹ್ಯಾಂಡಲ್‌ಗಳಿಗೆ ಸೇವಂತಿಗೆ ಹಾರ, ಸುತ್ತ ರಂಗೋಲಿ. ದಮಯಂತಿ ಮೇಡಂ ಬಂದವರೇ ಅಲ್ಲೇ ನಿಂತುಬಿಟ್ಟರು. "ಬಿಚ್ಚು" ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಮುಖ್ಯ ಅತಿಥಿಗಳ ಜೀಪು ಗೇಟಿನೊಳಗೆ ಬಂತು.

ಮುಖ್ಯ ಅತಿಥಿ ನಿವೃತ್ತ ಸುಬೇದಾರ್ ಕುಟ್ಟಪ್ಪ. ಎದೆ ತುಂಬ ಪದಕ, ಬಿಳಿ ಮೀಸೆ. ಹೋದ ವರ್ಷ ಇನ್ನೊಂದು ಕಡೆ ಧ್ವಜದ ಹಗ್ಗ ಸಡಿಲವಿದ್ದದ್ದಕ್ಕೆ ಅಲ್ಲಿಯ ಹೆಡ್‌ಮಾಸ್ಟರನ್ನು ಎಲ್ಲರೆದುರು ಅಟೆನ್ಷನ್‌ನಲ್ಲಿ ನಿಲ್ಲಿಸಿದ್ದರಂತೆ. ಅವರು ಕಟ್ಟೆಯ ಬಳಿ ಬಂದರು, ಸೈಕಲ್‌ಗಳನ್ನು ನೋಡಿದರು. ಧ್ವಜ ಹಾರಿಸಿ, ಸೆಲ್ಯೂಟ್ ಮಾಡಿ, ರಾಷ್ಟ್ರಗೀತೆ ಮುಗಿಯುವವರೆಗೆ ಕಲ್ಲಿನ ಹಾಗೆ ನಿಂತರು. ಆಮೇಲೆ ಮೈಕ್ ಹಿಡಿದರು. ನಾನು ಮನಸ್ಸಿನಲ್ಲೇ ಕಾಲೇಜು ಬಿಟ್ಟೆ.

"ಪ್ರತಿ ವರ್ಷ ಎಲ್ಲ ಕಡೆ ಬರೀ ಭಾಷಣ. ಈ ಕಾಲೇಜಿನವರು ಸೈಕಲ್ ರ‍್ಯಾಲಿ ಇಟ್ಟಿದ್ದಾರೆ. ಶಾಬಾಶ್! ನಾನು ಭಾಷಣ ಮಾಡುವುದಿಲ್ಲ. ರ‍್ಯಾಲಿಗೆ ಫ್ಲ್ಯಾಗ್ ತೋರಿಸಿ ಬಿಡ್ತೇನೆ. ಎಲ್ಲಿವರೆಗೆ ಹೋಗುವುದು?"

ತೀರ್ಥಪ್ರಸಾದ್ ಸರ್ ಕೂಡಲೇ, "ಪೆರುಂಬಾಡಿವರೆಗೆ ಸರ್!" ಎಂದು ಕೂಗಿದರು. ಇವರಿಗೆ ಸುಳ್ಳು ಎಷ್ಟು ಬೇಗ ಬರುತ್ತದೆ!

"ಯಾರು ಹೋಗುವವರು?"

"ಬೆಳ್ಳಮ್ಮ, ಫೈನಲ್ ಬಿ.ಎ. ಮತ್ತೆ..." ಸರ್ ಸುತ್ತ ನೋಡಿದರು. ಯಾರೂ ಕಣ್ಣಿಗೆ ಕಣ್ಣು ಕೊಡಲಿಲ್ಲ. "ಮತ್ತೆ ನಾನು ಸರ್."

"ಹಾಗಾದ್ರೆ ಬಿಚ್ಚಿ. ಎಂತ ಕಾಯ್ತಿದ್ದೀರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ದಮಯಂತಿ ಮೇಡಂ ಪಕ್ಕಕ್ಕೆ ಸರಿದು, ತುಟಿ ಅಲುಗಿಸದೆ, "ಕೀ ಕಳೆದುಹೋಗಿದೆ ಅಂತ ಹೇಳು" ಎಂದರು. ಒಳ್ಳೆಯ ಉಪಾಯವೇ. ನಾನು ಹಾಗೇ ಹೇಳಬಹುದಿತ್ತು. ಯಾರೂ ನನ್ನ ಜೇಬು ನೋಡುತ್ತಿರಲಿಲ್ಲ. ಸೈಕಲ್ ಉಳಿಯುತ್ತಿತ್ತು, ವಿಮೆ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ.

ಬೆಳ್ಳಮ್ಮಕ್ಕ ಮಾರ್ಚ್‌ಪಾಸ್ಟ್ ಸಾಲಿನಲ್ಲಿ ಮುಂದೆ ನಿಂತಿದ್ದಳು. ಅವಳು ಮಾತ್ರ ನನ್ನ ಕಡೆ ನೋಡಲಿಲ್ಲ. ಸೈಕಲ್ ಕಡೆಗೂ ನೋಡಲಿಲ್ಲ. ಶೂ ಲೇಸು ಸರಿಯಾಗೇ ಇದ್ದರೂ ಬಗ್ಗಿ ಕಟ್ಟಿಕೊಳ್ಳುತ್ತಿದ್ದಳು. ನಾನು ಏನು ಹೇಳುತ್ತೇನೆಂದು ಅವಳಿಗೆ ಗೊತ್ತಿತ್ತು. ಅದು ನನಗೆ ಸರಿ ಕಾಣಲಿಲ್ಲ.

ಹೋಗಿ ಬೀಗ ತೆಗೆದೆ. ಕೀ ಮೊದಲು ಉಲ್ಟಾ ಹೋಯಿತು. "ನಿಧಾನ, ಕುಂಞಿ" ಎಂದರು ಸುಬೇದಾರರು, ಸಣ್ಣ ಮಗುವಿಗೆ ಹೇಳುವ ಹಾಗೆ.

ಬೆಳ್ಳಮ್ಮಕ್ಕ ಹತ್ತಿರ ಬಂದು ಹಾರ ತೆಗೆದು ನನ್ನ ಕೊರಳಿಗೇ ಹಾಕಿದಳು. "ಎಂತ ಹಾಸ್ಟೆಲ್, ಆನೆ ಬಂದ್ರೆ?"

"ನೀನು ಬೇಗ ಹೋಗು."

"ಅಗತ್ಯಕ್ಕಿಂತ ಹೆಚ್ಚಾ?"

"ಹ್ಞೂಂ."

ಸುಬೇದಾರರು ಕೈಯಲ್ಲಿದ್ದ ಕಾಗದದ ಧ್ವಜ ಬೀಸಿದರು. ಗೇಟಿನ ಬಳಿ ಅವಳು ಸ್ವಲ್ಪ ವಾಲಿದಳು, ಗೇರು ಕಟಕಟ ಎಂದಿತು, ಆಮೇಲೆ ಕಾಣಲಿಲ್ಲ. ಸರ್ ಪೇಟೆಯ ಗಡಿಯಾರ ಕಂಬದವರೆಗೆ ಹೋಗಿ ಸೈಕಲಿನ ಜೊತೆ ಆಟೋದಲ್ಲಿ ವಾಪಸ್ ಬಂದರು. ಬಿಳಿ ಪ್ಯಾಂಟು ಹೊಲಿಗೆ ಬಿಟ್ಟಿತ್ತು.

ಸಿಹಿ ಹಂಚಿ ಮನೆಗೆ ಹೋಗುವುದೆಂದು ಎಲ್ಲರೂ ಕಾಯುತ್ತಿದ್ದರು. ಸುಬೇದಾರರು ಏಳಲಿಲ್ಲ. "ಬಿಟ್ಟವನು ನಾನು. ವಾಪಸ್ ಬರುವವರೆಗೆ ನಾನು ಹೋಗಲಿಕ್ಕಿಲ್ಲ." ಅವರು ಹೋಗದೆ ಮೇಡಂ ಹೋಗುವ ಹಾಗಿಲ್ಲ, ಮೇಡಂ ಹೋಗದೆ ನಾವು ಹೋಗುವ ಹಾಗಿಲ್ಲ. ಕೇಸರಿಬಾತ್ ತಣ್ಣಗಾಯಿತು. ಮೇಡಂ ಮುಖವೂ ಸುಮಾರು ಅದೇ ಬಣ್ಣದಲ್ಲಿತ್ತು. ಪೆರುಂಬಾಡಿಗೆ ಹೋಗಿ ಬರಲು ಇಷ್ಟು ಹೊತ್ತು ಬೇಡ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಗೇಟಿನ ಹತ್ತಿರ ಎಷ್ಟು ಸಲ ಹೋಗಿ ಬಂದೆನೋ.

ಮಧ್ಯಾಹ್ನಕ್ಕೆ ಬಂದಳು. ಜಡೆಯಿಂದ ಕಾಲಿನವರೆಗೆ ಕೆಸರು. ಪೆರುಂಬಾಡಿಯಲ್ಲಿ ನಿಲ್ಲಿಸಲು ಮನಸ್ಸಾಗದೆ ಘಾಟಿ ಇಳಿದು ಮಾಕುಟ್ಟ ಚೆಕ್‌ಪೋಸ್ಟಿನವರೆಗೆ ಹೋಗಿ, ಅಲ್ಲಿಯ ಪೊಲೀಸರು ಕೊಟ್ಟ ಲಾಡು ತಿಂದು, ಅಷ್ಟೂ ಏರನ್ನು ಹತ್ತಿ ಬಂದಿದ್ದಳು.

"ಎಲ್ಲಿಗೆ ಹೋದದ್ದು?" ಎಂದರು ಮೇಡಂ.

"ಬ್ರೇಕ್ ಎಲ್ಲಿ ಉಂಟು ಅಂತ ಗೊತ್ತಾಗ್ಲಿಲ್ಲ ಮೇಡಂ" ಎಂದಳು ಬೆಳ್ಳಮ್ಮಕ್ಕ. ಸುಬೇದಾರರು ನಕ್ಕ ನಗೆಗೆ ಪದಕಗಳೆಲ್ಲ ಗಲಗಲ ಎಂದವು.

ಸೈಕಲಿನ ಎಡಗಡೆ ಒಂದು ಗೀರು ಬಿದ್ದಿದೆ.

ಆಗಸ್ಟ್ 16, ಶನಿವಾರ

ಪ್ರಿಯಾ ಫೋನ್ ಮಾಡಿದರು. "ಅಭಿನಂದನೆ ಮೇಡಂ, ಫೋಟೋ ಓಕೆ ಆಗಿದೆ. ಸ್ಥಿತಿ ಹಾಗೇ ಇದೆ ತಾನೆ?"

ಇಲ್ಲ ಎಂದೆ. ಎಲ್ಲವನ್ನೂ ಹೇಳಿದೆ. ಅವರು ಮಧ್ಯೆ ಮಧ್ಯೆ "ಅಯ್ಯೋ", "ಆಮೇಲೆ?" ಎನ್ನುತ್ತಿದ್ದರು. ಕೊನೆಗೆ, "ಹಾಗಾದ್ರೆ ಇದು ಆಗಲ್ಲ ಮೇಡಂ. ಕಂಪೆನಿ ಪರವಾಗಿ ವಿಷಾದ. ನನ್ನ ಪರವಾಗಿ, ಅವಳು ಸೆಲೆಕ್ಟ್ ಆದ್ರೆ ಒಂದು ಮೆಸೇಜ್ ಹಾಕಿ" ಎಂದರು. ಆನೆಯ ಬಗ್ಗೆ ಮೇಲಿನವರು ಇನ್ನೂ ಯೋಚಿಸುತ್ತಿದ್ದಾರೆ.

ಮೂರನೇ ಕಂಪೆನಿಯ ಫಾರಂ ತುಂಬಿದೆ. ಸವಾರರ ಹೆಸರು: ಬೆಳ್ಳಮ್ಮ. ಕಾಫಿ ಆರುವ ಮುಂಚೆ ಮುಗಿಯಿತು. ಮೇಡಂ ಬಳಿ ಸಹಿಗೆ ಒಯ್ದೆ. ಅವರು ಕುರ್ಚಿಯ ಮಾತು ಎತ್ತಲಿಲ್ಲ. ಬೆಳಿಗ್ಗೆಯಿಂದ ಸುಬೇದಾರರು ಎರಡು ಸಲ ಫೋನ್ ಮಾಡಿ, "ನಮ್ಮ ಹುಡುಗಿಯ ರೇಸ್ ಯಾವತ್ತು?" ಎಂದು ಕೇಳಿದ್ದರಂತೆ. ಸಹಿ ಮಾಡಿ, "ಗೀರು ಎಲ್ಲಿ?" ಎಂದರು. ಎಡಗಡೆ ಎಂದೆ. "ಎಡಗಡೆ ಗೋಡೆಗೆ ಒರಗಿಸಿಡು" ಎಂದರು.

ಆಗಸ್ಟ್ 22, ಶುಕ್ರವಾರ

ಸಮಯವಿಲ್ಲ. ದಿನಾ ಬೆಳಿಗ್ಗೆ ಬೆಳ್ಳಮ್ಮಕ್ಕನ ಅಭ್ಯಾಸಕ್ಕೆ ಅತ್ತೆಯ ಸ್ಕೂಟರಿನ ಹಿಂದೆ ಕೂತು ಪೆರುಂಬಾಡಿಗೆ ಹೋಗಬೇಕು, ನೀರಿನ ಬಾಟಲಿ ಕೊಡುವುದು ನನ್ನ ಕೆಲಸ. ನಿನ್ನೆ ಬೆಳ್ಳಮ್ಮಕ್ಕ ತನ್ನ ಹಾಲಿನ ಸೈಕಲಿನ ಮೇಲೆ ನನ್ನನ್ನು ಕೂರಿಸಿ ಇಳಿಜಾರಿನಲ್ಲಿ ತಳ್ಳಿಬಿಟ್ಟಳು. ಕಾಫಿ ಗಿಡಗಳೊಳಗೆ ಹೋಗಿ ನಿಂತೆ. ಎರಡನೇ ಸಲ ಅಷ್ಟು ಒಳಗೆ ಹೋಗಲಿಲ್ಲ. ಮೊಣಕೈ ಉರಿಯುತ್ತಿದೆ, ಬರೆಯಲು ಕಷ್ಟ.

ಆಗಸ್ಟ್ 30, ಶನಿವಾರ

ಮೈಸೂರಿನಲ್ಲಿ, ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ಬಂದ ನಾಲ್ವರನ್ನು ತಂಡಕ್ಕೆ ತೆಗೆದುಕೊಳ್ಳುತ್ತಾರೆ. ಬೆಳ್ಳಮ್ಮಕ್ಕ ಮೂರನೆಯವಳು! ಗೆರೆ ದಾಟಿದವಳೇ ಎರಡೂ ಕೈ ಮೇಲೆತ್ತಿದಳು. ಹಾಗೆ ಮಾಡಬೇಡ ಎಂದು ಸರ್ ಹೇಳಿಕೊಟ್ಟಿದ್ದರು. ಅದೇ ಹೊತ್ತಿಗೆ ಒಂದು ನಾಯಿ ಅಡ್ಡ ಬಂತು. ಅವಳು ಒಂದು ಕಡೆ, ಸೈಕಲ್ ಇನ್ನೊಂದು ಕಡೆ. ನಾನು ಹೇಗೆ ಹಗ್ಗದ ಬೇಲಿ ಹಾರಿದೆನೋ ಗೊತ್ತಿಲ್ಲ. ನಮ್ಮ ಜೊತೆ ಬಂದ ಅತ್ತೆ, ನಾವು ಆಸ್ಪತ್ರೆ ಸೇರಿ ಫೋನ್ ಮಾಡುವವರೆಗೆ ಸೈಕಲ್ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದರಂತೆ. ಪಾಪ, ಅವರಿಗೆ ಹೇಳಿ ಹೋಗುವುದೂ ಮರೆತಿತ್ತು.

ಈಗ ತೀರ್ಥಪ್ರಸಾದ್ ಸರ್ ಫೋನ್ ಬಂದಿತ್ತು. ಅವರಿಗೆ ಪರೀಕ್ಷೆಯ ಡ್ಯೂಟಿ ಬಿದ್ದು ಬರಲಾಗಿರಲಿಲ್ಲ.

"ಬಿದ್ದದ್ದಂತೆ ಮಾರಾಯ್ತಿ! ಮೇಡಂ ಕೇಳ್ತಾ ಇದ್ದಾರೆ. ಸೈಕಲ್ ಹೇಗುಂಟು?"

"ಗಲ್ಲಕ್ಕೆ ಎರಡು ಹೊಲಿಗೆ ಸರ್, ಮಂಡಿ ಊದಿದೆ. ಮೂಳೆಗೆ ಏನೂ ಆಗಿಲ್ಲ. ಈಗ ಪರೋಟ ತಿನ್ನುತ್ತಿದ್ದಾಳೆ."

ಸರ್ ಜೋರಾಗಿ ನಗಲು ಶುರುಮಾಡಿದರು. ಇದರಲ್ಲಿ ನಗುವಂಥದ್ದು ಏನಿದೆಯೋ. ಕೇಳೋಣವೆಂದರೆ ಬೆಳ್ಳಮ್ಮಕ್ಕನಿಗೆ ಇನ್ನೊಂದು ಪರೋಟ ಬೇಕಂತೆ. ಗಲ್ಲ ನೋಯುತ್ತದೆ, ಸಣ್ಣ ಸಣ್ಣ ಚೂರು ಮಾಡಿ ಕೊಡಬೇಕು.